ಶರಬತ್ತು ಬೆರೆಸುವ ಯಂತ್ರ

ಕೇಳುಗರಿಗೆಲ್ಲ ನಮಸ್ಕಾರ.

ಗುಂಡಿ ಒತ್ತಿದರೆ ಲೋಟಕ್ಕೆ ಪುನರ್ಪುಳಿ ಸಿರಪ್ ಇಳಿಯುತ್ತದೆ. ಹಿಂದೆಯೇ ತಣ್ಣೀರು ಇಳಿಯುತ್ತದೆ. ಶರಬತ್ತು ತಯಾರು. ಇಂಥ ಯಂತ್ರವನ್ನು ಮನೆಯಲ್ಲೇ ಕಟ್ಟಬಹುದು. ಎಲೆಕ್ಟ್ರಾನಿಕ್ಸ್ ಕಲಿಯುವ ಆಸೆ ಇರುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಕಾಲೇಜು ಹುಡುಗರು ಮೊದಲು ಕೇಳುವುದು ಕೋಡ್. ಅದು ಹತ್ತು ಹದಿನೈದು ಸಾಲಿನಲ್ಲಿ ಮುಗಿಯುತ್ತದೆ. ಪಂಪ್ ಆನ್ ಮಾಡು, ಇಷ್ಟು ಹೊತ್ತು ಕಾಯಿ, ಆಫ್ ಮಾಡು, ಅಷ್ಟೇ. ಯೋಚನೆ ಮಾಡಬೇಕಾದದ್ದು ನೀರು, ಸಕ್ಕರೆ ಮತ್ತು ಕರೆಂಟ್ ಬಗ್ಗೆ.

ಮಿದುಳಿನ ಕೆಲಸಕ್ಕೆ ಆರ್ಡುಯಿನೋ ಊನೋ ಆರ್ 3 ಬೋರ್ಡು ಧಾರಾಳ ಸಾಕು. ನಾವು ಬರೆದ ಕೋಡಿನಂತೆ ಪಂಪು, ಗುಂಡಿಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್ ಅದು. 2005ರಲ್ಲಿ ಇಟಲಿಯ ಇವ್ರಿಯಾ ಊರಿನ ಒಂದು ವಿನ್ಯಾಸ ಶಾಲೆಯಲ್ಲಿ ಆರ್ಡುಯಿನೋ ಶುರುವಾಯಿತು. ಅಲ್ಲಿನ ಗೆಳೆಯರು ಕೂಡುತ್ತಿದ್ದ ಬಾರಿನ ಹೆಸರನ್ನೇ ಅದಕ್ಕೆ ಇಟ್ಟರು. ಊನೋದಲ್ಲಿ ಪ್ರೋಗ್ರಾಂ ಇಡಲು ಇರುವ ಜಾಗ ಬರೀ 32 ಕಿಲೋಬೈಟ್. ನಮ್ಮ ಶರಬತ್ತಿಗೆ ಅದರಲ್ಲಿ ಒಂದು ಮೂಲೆ ಸಾಕು.

ಈಗ ಪಂಪ್. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದು ನೀರಿನೊಳಗೆ ಮುಳುಗಿಸುವ ಪುಟ್ಟ ಪಂಪ್. ಅದು ಬೇಡ. ಸಿರಪ್ ಅದರ ಹೊಟ್ಟೆಯೊಳಗೇ ಹರಿಯುತ್ತದೆ, ಸಕ್ಕರೆ ಒಣಗಿ ಕಚ್ಚಿಕೊಳ್ಳುತ್ತದೆ, ಒಳಗಿನ ಪ್ಲಾಸ್ಟಿಕ್ ಆಹಾರಕ್ಕೆಂದು ಮಾಡಿದ್ದೂ ಅಲ್ಲ. ಬೇಕಾಗಿರುವುದು ಪೆರಿಸ್ಟಾಲ್ಟಿಕ್ ಪಂಪ್. ಅದರೊಳಗೆ ಒಂದು ಮೆತ್ತನೆಯ ಸಿಲಿಕೋನ್ ಟ್ಯೂಬ್, ಅದನ್ನು ಒತ್ತುತ್ತಾ ತಿರುಗುವ ಎರಡು ಮೂರು ರೋಲರ್. ಹಾಲು ಕರೆಯುವಾಗ ಬೆರಳುಗಳು ಮೊಲೆಯನ್ನು ಮೇಲಿನಿಂದ ಕೆಳಕ್ಕೆ ಒತ್ತಿಕೊಂಡು ಬರುತ್ತವಲ್ಲ, ಹಾಗೆ ರೋಲರ್ ಸಿರಪ್ಪನ್ನು ಮುಂದಕ್ಕೆ ದೂಡುತ್ತದೆ. ಸಿರಪ್ ಮುಟ್ಟುವುದು ಟ್ಯೂಬನ್ನು ಮಾತ್ರ. ಪಂಪ್ ನಿಂತಾಗಲೂ ಒಂದು ರೋಲರ್ ಟ್ಯೂಬನ್ನು ಒತ್ತಿ ಹಿಡಿದಿರುತ್ತದೆ. ಹಾಗಾಗಿ ಸಿರಪ್ ಬಾಟಲಿಗೆ ವಾಪಸ್ ಜಾರುವುದಿಲ್ಲ. ನನಗೆ ತುಂಬಾ ಇಷ್ಟವಾದ ಯಂತ್ರ ಇದು.

ಆದರೆ ನಿಧಾನ. ನಿಮಿಷಕ್ಕೆ 100 ಮಿಲಿಲೀಟರ್ ಕೊಡುವ ಪಂಪ್ ಇದ್ದರೆ, 30 ಮಿಲಿಲೀಟರ್ ಸಿರಪ್ಪಿಗೆ 18 ಸೆಕೆಂಡ್ ಬೇಕು. ಅದು ಪರವಾಗಿಲ್ಲ. ಉಳಿದ 150 ಮಿಲಿಲೀಟರ್ ನೀರನ್ನೂ ಅದರಿಂದಲೇ ಹಾಕಿದರೆ ಇನ್ನೂ ಒಂದೂವರೆ ನಿಮಿಷ. ಬಿಸಿಲಿನಲ್ಲಿ ಬಂದವರು ಅಷ್ಟು ಹೊತ್ತು ಕಾಯುತ್ತಾರಾ? ನೀರಿಗೆ ಬೇರೆಯೇ ಡಯಾಫ್ರಾಮ್ ಪಂಪ್ (ರಬ್ಬರ್ ಪೊರೆ ಹಿಂದೆ ಮುಂದೆ ಆಡಿ ನೀರು ದೂಡುವಂಥದ್ದು) ಇಡಿ, ಕುಡಿಯುವ ನೀರಿಗೆಂದೇ ಮಾಡಿದ್ದು. ಸೋಡಾ ಆದರೆ ಕೈಯಲ್ಲೇ ಸುರಿಯಿರಿ. ಪಂಪಿನಲ್ಲಿ ಹೋದರೆ ಗ್ಯಾಸೆಲ್ಲ ನೊರೆಯಾಗಿಬಿಡುತ್ತದೆ.

ಪಂಪನ್ನು ನೇರವಾಗಿ ಬೋರ್ಡಿನ ಪಿನ್ನಿಗೆ ಜೋಡಿಸಬೇಡಿ. ಊನೋದ ಒಂದು ಪಿನ್ 20 ಮಿಲಿಆಂಪ್ ಕೊಟ್ಟರೆ ಹೆಚ್ಚು. ಚಿಕ್ಕ ಪಂಪೂ ಅದರ ಎಷ್ಟೋ ಪಟ್ಟು ಎಳೆಯುತ್ತದೆ. ನಡುವೆ ಮಾಸ್‌ಫೆಟ್ ಬೇಕು, ಪಿನ್ನಿನ ಸಣ್ಣ ಸಂಕೇತದಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್ಚು ಅದು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೆ ಐಆರ್‌ಎಲ್‌ಝಡ್ 44 ಎನ್ ಎಂದು ಬಿಡಿಸಿ ಹೇಳಿ. ನೋಡಲು ಥೇಟ್ ಹಾಗೇ ಇರುವ ಐಆರ್‌ಎಫ್‌ಝಡ್ 44 ಎನ್ ಕೂಡ ಇದೆ. ಎಲ್ ಇರುವುದು ಆರ್ಡುಯಿನೋದ 5 ವೋಲ್ಟಿಗೇ ಚೆನ್ನಾಗಿ ತೆರೆದುಕೊಳ್ಳುತ್ತದೆ. ಎಫ್ ಇರುವುದಕ್ಕೆ 10 ವೋಲ್ಟ್ ಬೇಕು. 5 ಕೊಟ್ಟರೆ ಅರೆಬರೆ ತೆರೆದು ಬಿಸಿಯಾಗುತ್ತದೆ. ಪ್ರತಿ ಪಂಪಿನ ಎರಡು ತುದಿಗೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡನ್ನು ತಿರುಗಾಮುರುಗಾ, ಅಂದರೆ ಅದರ ಪಟ್ಟಿ ಇರುವ ತುದಿ ಪ್ಲಸ್ ಕಡೆಗೆ ಬರುವಂತೆ ಹಾಕಿ. ಆಫ್ ಆದ ಕ್ಷಣ ಮೋಟಾರ್ ಎಬ್ಬಿಸುವ ಜೋರು ವೋಲ್ಟೇಜ್ ಮಾಸ್‌ಫೆಟ್ಟನ್ನು ಸುಡದಂತೆ ಅದು ಕಾಯುತ್ತದೆ. ಪಂಪಿಗೆ 12 ವೋಲ್ಟಿನ ಬೇರೆ ಅಡಾಪ್ಟರ್ ಇರಲಿ. ಅದರ ಗ್ರೌಂಡನ್ನೂ (ಮೈನಸ್ ತಂತಿ) ಬೋರ್ಡಿನ ಗ್ರೌಂಡನ್ನೂ ಸೇರಿಸುವುದನ್ನು ಮಾತ್ರ ಮರೆಯಬಾರದು.

ಇಷ್ಟಾದರೆ ಯಂತ್ರ ಓಡುತ್ತದೆ. ಅಳತೆ ಸರಿ ಬರುತ್ತದೆಯಾ ಅನ್ನುವುದು ಬೇರೆ ಮಾತು. ಫ್ರಿಜ್ಜಿನಿಂದ ತೆಗೆದ ಸಿರಪ್ ಮಂದವಾಗಿರುತ್ತದೆ, ನಿಧಾನ ಹರಿಯುತ್ತದೆ. ಟ್ಯೂಬ್ ಹಳೆಯದಾದಂತೆ ಸಡಿಲವಾಗುತ್ತದೆ. ಅದೇ 18 ಸೆಕೆಂಡಿನಲ್ಲಿ ಇಳಿಯುವ ಸಿರಪ್ ಒಂದೇ ಸಮ ಇರುವುದಿಲ್ಲ. ಸಮಯ ಬಿಟ್ಟು ತೂಕ ನೋಡಿದರೆ ಈ ತಲೆನೋವೇ ಇಲ್ಲ.

ಸುಮಾರು 2000 ವರ್ಷಗಳ ಹಿಂದೆ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ ಹೀರೋ ಎಂಬಾತ ತೂಕದಿಂದಲೇ ನಡೆಯುವ ಒಂದು ಯಂತ್ರವನ್ನು ಬರೆದಿಟ್ಟಿದ್ದಾನೆ. ದೇವಸ್ಥಾನದಲ್ಲಿ ನಾಣ್ಯ ಹಾಕಿದರೆ ಪವಿತ್ರ ಜಲ ಬರುವಂಥದ್ದು. ನಾಣ್ಯ ಸನ್ನೆಕೋಲಿನ ತುದಿಯ ತಟ್ಟೆಗೆ ಬೀಳುತ್ತದೆ, ತಟ್ಟೆ ಬಾಗುತ್ತದೆ, ಬಿರಡೆ ತೆರೆದು ನೀರು ಬರುತ್ತದೆ. ನಾಣ್ಯ ಜಾರಿ ಬಿದ್ದೊಡನೆ ಸನ್ನೆಕೋಲು ಮೇಲೆದ್ದು ನೀರು ನಿಲ್ಲುತ್ತದೆ. ಕರೆಂಟಿಲ್ಲದ ಕಾಲದಲ್ಲಿ ಎಂಥ ತಲೆ ಅಲ್ವಾ!

ನಾವು ಲೋಟದ ಕೆಳಗೆ ತೂಕ ಅಳೆಯುವ ಒಂದು ಲೋಡ್‌ಸೆಲ್ ಇಡೋಣ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಇರುವಂಥದ್ದೇ. ಅದರ ಸಣ್ಣ ಸಂಕೇತವನ್ನು ಓದಲು ಎಚ್‌ಎಕ್ಸ್ 711 ಎಂಬ ಚಿಪ್ ಇದೆ. ಖಾಲಿ ಲೋಟವನ್ನು ಸೊನ್ನೆ ಎಂದುಕೊಂಡು ಎಣಿಸಲು ಹೇಳಿ. ಸಿರಪ್ ನೀರಿಗಿಂತ ಭಾರ. ಗಟ್ಟಿ ಸಕ್ಕರೆ ಪಾಕವಾದರೆ 30 ಮಿಲಿಲೀಟರಿಗೆ ಸುಮಾರು 40 ಗ್ರಾಂ. ಗುರಿಗಿಂತ ಒಂದೆರಡು ಗ್ರಾಂ ಮೊದಲೇ ಪಂಪ್ ನಿಲ್ಲಿಸಬೇಕು, ಯಾಕೆಂದರೆ ಟ್ಯೂಬಿನ ಬಾಯಲ್ಲಿರುವ ಹನಿ ಆಮೇಲೂ ಬೀಳುತ್ತದೆ. ತಕ್ಕಡಿಯಿಂದ ಇನ್ನೊಂದು ಲಾಭ. ಮಗು ನಡುವೆ ಲೋಟ ಎತ್ತಿಕೊಂಡರೆ ತೂಕ ಸೊನ್ನೆಗಿಂತ ಕೆಳಕ್ಕೆ ಹೋಗುತ್ತದೆ. ಕೂಡಲೇ ಪಂಪ್ ನಿಲ್ಲಿಸುವಂತೆ ಒಂದು ಸಾಲು ಬರೆದರೆ ಮೇಜು ಒದ್ದೆಯಾಗುವುದಿಲ್ಲ.

ನಿಂಬೆರಸ ಹಾಕುವುದಾದರೆ ಬಟ್ಟೆಯಲ್ಲಿ ಸೋಸಿ. ಹಾಲಿನ ಪಾನೀಯ ಬೇಡವೇ ಬೇಡ, ಟ್ಯೂಬಿನೊಳಗೆ ಉಳಿದ ಹಾಲು ಬೇಗ ಕೆಡುತ್ತದೆ. ಟ್ಯೂಬನ್ನು ಆಹಾರಕ್ಕೆ ಯೋಗ್ಯವಾದದ್ದು ಎಂದು ಕೇಳಿಯೇ ತನ್ನಿ. ದಿನದ ಕೆಲಸ ಮುಗಿದ ಮೇಲೆ ಸಿರಪ್ ಬಾಟಲಿ ತೆಗೆದು, ಉಗುರುಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಟ್ಯೂಬ್ ಇಳಿಸಿ, ತಿಳಿನೀರು ಬರುವ ತನಕ ಪಂಪ್ ಓಡಿಸಿ. ಇದಕ್ಕೇ ಒಂದು ಬೇರೆ ಗುಂಡಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಶುರುವಿಗೆ ಒಂದು ಪಂಪ್, ಒಂದು ಗುಂಡಿ, ಬರೀ ನೀರು. ಅಳತೆ ಸರಿ ಬಂದ ಮೇಲೆ ಸಿರಪ್ ಹಾಕಿ. ನಮಸ್ಕಾರ.