ಗೋಡೆ ಮೇಲಿನ ಗೀರು

ಬೆಳಗ್ಗೆ ಆರೂ ಮುಕ್ಕಾಲು. ಅದೇ ಗೋಡೆ ಮುಂದೆ ಎರಡನೇ ಸಲ ಟ್ರೈಪಾಡ್ ಹಾಕಿದ್ದೇನೆ.

ಮೊದಲ ಸಲ ಬಂದಾಗ ಸಂಜೆ ಬಿಸಿಲು ಸಖತ್ತಾಗಿತ್ತು. ಗೋಡೆಯೆಲ್ಲ ಬಂಗಾರದ ಬಣ್ಣ. ಒಂದು ಕೇಬಲ್ ಮಾತ್ರ ಅಡ್ಡಕ್ಕೆ ಜೋತಾಡುತ್ತಿತ್ತು. ಮನೆಗೆ ಹೋಗಿ ಎಡಿಟಿಂಗ್‌ನಲ್ಲಿ ಅಳಿಸಿಬಿಟ್ಟೆ. ಫೋಟೋ ಚೆನ್ನಾಗೇ ಬಂತು. ಆದರೆ ಅದು ಯಾವ ಊರಿನ ಗೋಡೆ ಬೇಕಾದರೂ ಆಗಬಹುದಿತ್ತು.

ಆಗ ಫ್ರೆಂಚ್ ಫೋಟೋಗ್ರಾಫರ್ ಯೂಜೀನ್ ಅಟ್ಜೆ ನೆನಪಾದರು. 1927ರಲ್ಲಿ ತೀರಿಕೊಳ್ಳುವ ತನಕ, ಸುಮಾರು 30 ವರ್ಷ, ಪ್ಯಾರಿಸ್‌ನ ಹಳೇ ಬೀದಿಗಳನ್ನು ಫಿಲ್ಮಿನ ಬದಲು ಗಾಜಿನ ಪ್ಲೇಟಿನಲ್ಲಿ ಹಿಡಿದವರು. ಅವರ ಎಷ್ಟೋ ಫೋಟೋಗಳಲ್ಲಿ ಮೇಲಿನ ಮೂಲೆಗಳು ಕಪ್ಪಗಿವೆ. ಯಾಕೆ ಗೊತ್ತಾ? ಕ್ಯಾಮೆರಾ ಮೇಲಕ್ಕೆ ಓರೆ ಮಾಡಿದರೆ ಕಟ್ಟಡ ಹಿಂದಕ್ಕೆ ವಾಲಿದ ಹಾಗೆ ಕಾಣುತ್ತದೆ. ಅದಕ್ಕೇ ಕ್ಯಾಮೆರಾ ನೆಟ್ಟಗಿಟ್ಟು, ಲೆನ್ಸನ್ನು ಮಾತ್ರ ಮೇಲಕ್ಕೆ ಸರಿಸುತ್ತಿದ್ದರು. ಜಾಸ್ತಿ ಸರಿಸಿದರೆ ಬೆಳಕು ಮೂಲೆವರೆಗೆ ತಲುಪುವುದಿಲ್ಲ. ಗೋಡೆ ನೆಟ್ಟಗಿರಲಿ, ಮೂಲೆ ಕಪ್ಪಾದರೆ ಆಗಲಿ. ಈ ಹಟ ನನಗೆ ತುಂಬಾ ಇಷ್ಟ.

ಜರ್ಮನ್ ಫೋಟೋಗ್ರಾಫರ್ ಆಂಡ್ರಿಯಾಸ್ ಗುರ್ಸ್ಕಿ ಇದಕ್ಕೆ ಪೂರ್ತಿ ಉಲ್ಟಾ. 1999ರ 'ರೈನ್ II' ಫೋಟೋದಲ್ಲಿ ರೈನ್ ನದಿಯಾಚೆಯ ಕಟ್ಟಡಗಳನ್ನು ಕಂಪ್ಯೂಟರಿನಲ್ಲಿ ತೆಗೆದೇ ಹಾಕಿದರು. 2011ರ ಹರಾಜಿನಲ್ಲಿ ಅದು 43 ಲಕ್ಷ ಡಾಲರಿಗೂ ಜಾಸ್ತಿಗೆ ಹೋಯಿತು. ಹುಲ್ಲು, ನೀರು, ಆಕಾಶ, ಬರೀ ಪಟ್ಟಿಗಳು. ನೋಡ್ತಾ ನಿಂತರೆ ಕಣ್ಣು ಕೀಳೋಕಾಗಲ್ಲ. ಆದರೆ ಆ ದಡಕ್ಕೆ ಹೋದರೆ ಆ ನದಿ ಸಿಗುವುದಿಲ್ಲ. ಅವರು ಯೋಚಿಸಿ ತೆಗೆದರು. ನಾನು ಸುಮ್ನೆ ಗುಡಿಸಿದೆ, ಅಷ್ಟೇ.

ಗುರ್ಸ್ಕಿಗೆ ಪಾಠ ಹೇಳಿದ ಬರ್ನ್ಡ್ ಬೆಖರ್, ಹೆಂಡತಿ ಹಿಲ್ಲಾ ಜೊತೆ ನೀರಿನ ಟ್ಯಾಂಕುಗಳ ಫೋಟೋ ತೆಗೆಯುತ್ತಿದ್ದರು. ಮೋಡ ಮುಚ್ಚಿದ ದಿನಕ್ಕೇ ಕಾಯುತ್ತಿದ್ದರು. ಬಿಸಿಲಿದ್ದರೆ ಕಣ್ಣು ನೆರಳಿನ ಹಿಂದೆ ಹೋಗುತ್ತೆ, ಅಲ್ವಾ?

ಅದಕ್ಕೇ ನಾನೂ ಇವತ್ತು ಬಂದೆ. ಪೂರ್ತಿ ಮೋಡ. ಬಂಗಾರ ಹೋಗಿ ಗೋಡೆ ಬರೀ ಗೋಡೆಯಾಗಿದೆ. ಬುಡದಲ್ಲಿ ನೀರು ಏರಿದ ಕಲೆ. ಒಂದು ಕಡೆ ಬೇರೆ ಬಣ್ಣದ ತೇಪೆ. ಕೇಬಲ್ ಕೆಳಗೆ ಅರ್ಧಚಂದ್ರದ ಥರ ಒಂದು ಗೀರು. ಗಾಳಿ ಬಂದಾಗಲೆಲ್ಲ ಕೇಬಲ್ ಆಡಿ, ಉಜ್ಜಿ ಉಜ್ಜಿ ಬಣ್ಣ ಕಿತ್ತುಹೋಗಿದೆ. ಒಳಗಿನ ಸಿಮೆಂಟ್ ಕಾಣುತ್ತಿದೆ.

ಫೋನಿನಲ್ಲಿ ಹಳೇ ಫೋಟೋ ತೆಗೆದು ದೊಡ್ಡದು ಮಾಡಿದೆ. ಗೀರು ಅಲ್ಲೇ ಇದೆ. ಕೇಬಲ್ ಇಲ್ಲ.