ನಡುಗಾಳಿಯಲ್ಲಿ ಒಂದು ಬಾಗಿಲು

ಕೇಳುಗರಿಗೆ ನಮಸ್ಕಾರ.

ರೋಮ್ ನಗರದ ಹಳೆಯ ಸಾರ್ವಜನಿಕ ಚೌಕವಾದ ಫೋರಮ್‌ನಲ್ಲಿ ಒಂದು ವಿಚಿತ್ರ ಬಾಗಿಲಿದೆ. ಎದುರಿಗೆ ಹತ್ತು ದೊಡ್ಡ ಕಲ್ಲುಕಂಬಗಳು. ಅವುಗಳ ಹಿಂದಿನ ಗೋಡೆಯಲ್ಲಿ, ಎರಡಾಳಿಗಿಂತಲೂ ಜಾಸ್ತಿ ಎತ್ತರದಲ್ಲಿ ಈ ಬಾಗಿಲು. ಅಲ್ಲಿಗೆ ಹತ್ತಲು ಮೆಟ್ಟಿಲೇ ಇಲ್ಲ. ಒಳಗಿಂದ ಯಾರಾದರೂ ತೆಗೆದು ಕಾಲಿಟ್ಟರೆ ಸೀದಾ ಕೆಳಕ್ಕೆ!

ಕಟ್ಟಿದವರೇನೂ ದಡ್ಡರಲ್ಲ. ಕಂಬಗಳು ಒಂದು ದೇವಸ್ಥಾನದವು. ಚಕ್ರವರ್ತಿ ಆಂಟೊನೈನಸ್ ಪಯಸ್ ತೀರಿಹೋದ ಹೆಂಡತಿ ಫೌಸ್ಟಿನಾಳಿಗಾಗಿ ಕ್ರಿ.ಶ. 141ರಲ್ಲಿ ಕಟ್ಟಿಸಲು ಶುರುಮಾಡಿದ್ದು. ಇಪ್ಪತ್ತು ವರ್ಷಗಳ ನಂತರ ಅವನೂ ಸತ್ತ. ಹೆಂಡತಿಯ ಹೆಸರಿದ್ದ ಸಾಲಿನ ಮೇಲೆ ಅವನ ಹೆಸರನ್ನೂ ಕೆತ್ತಿದರು. ಎರಡು ಸಾಲೂ ಇವತ್ತಿಗೂ ಕಾಣುತ್ತವೆ.

ಮುಂದೆ ಅದರೊಳಗೆ ಸಂತ ಲಾರೆನ್ಸರ ಚರ್ಚ್ ಬಂತು. ಅಷ್ಟರಲ್ಲಿ ಫೋರಮ್ ಮಣ್ಣಿನಡಿ ಮುಚ್ಚುತ್ತಾ ಬಂದಿತ್ತು. ಜನ ಅದನ್ನು ದನದ ಬಯಲು ಎಂದೇ ಕರೆಯುತ್ತಿದ್ದರು. 1602ರಲ್ಲಿ ಚರ್ಚನ್ನು ಹೊಸದಾಗಿ ಕಟ್ಟಿದಾಗ ಬಾಗಿಲನ್ನು ಆಗಿನ ನೆಲದ ಮಟ್ಟಕ್ಕೇ ಇಟ್ಟರು. ಆಮೇಲೆ ಇತಿಹಾಸ ಹುಡುಕುವವರು ಬಂದು ಮಣ್ಣು ತೆಗೆದರು. ನೆಲ ಇಳಿಯಿತು, ಬಾಗಿಲು ಅಲ್ಲೇ ಉಳಿಯಿತು. ಈಗ ಚರ್ಚಿಗೆ ದಾರಿ ಹಿಂದಿನ ಬೀದಿಯಿಂದ.

ಕಂಬಗಳ ಮೇಲ್ಭಾಗದಲ್ಲಿ ಓರೆಯಾಗಿ ಕೊರೆದ ಗೀರುಗಳಿವೆ. ಹಗ್ಗ ಬಿಗಿದು ಕೆಡವಲು ನೋಡಿದ ಗುರುತು ಎನ್ನುತ್ತಾರೆ. ಇದ್ದರೂ ಇರಬಹುದು. ಅಂಥ ಎಷ್ಟೋ ದೇವಸ್ಥಾನಗಳ ಅಮೃತಶಿಲೆ ಸುಣ್ಣದ ಗೂಡಿಗೆ ಹೋಗಿದೆ.

ಹಾಗಾದರೆ ಉಳಿಸಲು ಎಲ್ಲ ದೇವಸ್ಥಾನಗಳನ್ನೂ ಚರ್ಚ್ ಮಾಡಿಕೊಳ್ಳಬಹುದಿತ್ತಲ್ವಾ? ಅಷ್ಟು ಸುಲಭವಲ್ಲ. ರೋಮನ್ನರ ದೇವಸ್ಥಾನದ ಒಳಕೋಣೆ ದೇವರ ಮೂರ್ತಿಗೆ. ಬಲಿಪೀಠ ಹೊರಗೆ, ಜನ ನಿಲ್ಲುವುದೂ ಹೊರಗೆ. ಚರ್ಚಿಗೋ ಜನ ಒಳಗೇ ಸೇರಬೇಕು. ಅದಕ್ಕೇ ಕ್ರೈಸ್ತರು ಮೊದಲು ಮಾದರಿಗೆ ತೆಗೆದುಕೊಂಡಿದ್ದು ದೇವಸ್ಥಾನವನ್ನಲ್ಲ, ನ್ಯಾಯ, ವ್ಯಾಪಾರ ನಡೆಯುತ್ತಿದ್ದ ಬೆಸಿಲಿಕಾ ಎಂಬ ಸಭಾಂಗಣವನ್ನು.

ರೋಮಿನದೇ ಇನ್ನೊಂದು ದೇವಸ್ಥಾನ ಪ್ಯಾಂಥಿಯನ್ ಮಾತ್ರ ಹೇಳಿಮಾಡಿಸಿದ ಹಾಗಿತ್ತು. 43 ಮೀಟರ್ ಅಗಲದ ಒಂದೇ ಗುಮ್ಮಟ, ನಡುವೆ ಒಂದೂ ಕಂಬವಿಲ್ಲ. ಆದರೆ ಅದು ಸರ್ಕಾರಿ ಕಟ್ಟಡ. ಆಗಿನ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನಲ್ಲಿದ್ದ ಚಕ್ರವರ್ತಿ ಫೋಕಾಸ್ ಒಪ್ಪಬೇಕಿತ್ತು. ಅವನು ಕೊಟ್ಟ. 609ರಲ್ಲಿ ನಾಲ್ಕನೇ ಬೋನಿಫೇಸ್ ಪೋಪ್ ಅದನ್ನು ಮೇರಿಮಾತೆ ಮತ್ತು ಹುತಾತ್ಮರ ಹೆಸರಿನ ಚರ್ಚ್ ಮಾಡಿದರು. ಈಗಲೂ ಅಲ್ಲಿ ಪೂಜೆ ನಡೆಯುತ್ತದೆ. ಗುಮ್ಮಟದ ನೆತ್ತಿಯ ತೂತಿನಿಂದ ಮಳೆ ಬಿದ್ದರೆ ನೆಲದ ಸಣ್ಣ ಕಿಂಡಿಗಳಲ್ಲಿ ಇಳಿದುಹೋಗುತ್ತದೆ.

ಚರ್ಚ್ ಆಯಿತೆಂದು ಯಾರೂ ಕೈ ಕಟ್ಟಿ ಕೂರಲಿಲ್ಲ. 663ರಲ್ಲಿ ಎರಡನೇ ಕಾನ್‌ಸ್ಟಾನ್ಸ್ ಚಕ್ರವರ್ತಿ ಹನ್ನೆರಡು ದಿನ ರೋಮ್‌ಗೆ ಬಂದಿದ್ದ. ಹೋಗುವಾಗ ಚಾವಣಿಯ ಕಂಚಿನ ಹೆಂಚುಗಳನ್ನು ಕಿತ್ತುಕೊಂಡೇ ಹೋದ. ಮೊಗಸಾಲೆಯ ಕಂಚನ್ನು ಕಿತ್ತದ್ದು 17ನೇ ಶತಮಾನದ ಒಬ್ಬ ಪೋಪ್, ಬಾರ್ಬೆರಿನಿ ಮನೆತನದ ಎಂಟನೇ ಅರ್ಬನ್. ಅದರಲ್ಲಿ ಬಹುಪಾಲು ಫಿರಂಗಿಯಾಯಿತು. ರೋಮಿನ ಜನ ಬಿಡುತ್ತಾರೆಯೇ? ದಾಳಿಗೆ ಬಂದ ಅನಾಗರಿಕ ಬಾರ್ಬೇರಿಯನ್ನರು ಮಾಡದ್ದನ್ನು ಬಾರ್ಬೆರಿನಿಗಳು ಮಾಡಿದರು ಅಂತ ಆಡಿಕೊಂಡರು.

ಅದೇ ಕಾಲದಲ್ಲಿ ಮುಂಭಾಗದ ಮೇಲೆ ಎರಡು ಗಂಟೆಗೋಪುರ ಎದ್ದವು. ಜನ ಅವನ್ನು ಕತ್ತೆಕಿವಿ ಎಂದು ಕರೆದರು. 1883ರಲ್ಲಿ ತೆಗೆದುಹಾಕಿದರು. ನೋಡಲು ಚೆನ್ನಾಗಿಯೇ ಆಯಿತು, ಒಪ್ಪುತ್ತೇನೆ. ಆದರೂ ಫೋರಮ್‌ನ ಆ ಬಾಗಿಲನ್ನು ಯಾರೂ ಮುಚ್ಚಿ ಗೋಡೆ ಎಬ್ಬಿಸಲಿಲ್ಲವಲ್ಲ, ನನಗೆ ಅದೇ ಖುಷಿ.

ನಮಸ್ಕಾರ.