ಸಂತೆಗೆ ಏನು ಬೆಳೆಯೋಣ?

ರೈತ ಬಾಂಧವರಿಗೆ ನಮಸ್ಕಾರ. ಮನೆ ಹಿಂದೆ 10 ಗುಂಟೆ ಜಾಗ ಇದೆ, ನೀರಿದೆ, ಹತ್ತಿರದ ಊರಲ್ಲಿ ವಾರಕ್ಕೊಂದು ಸಂತೆ ಇದೆ. ಏನು ಬೆಳೆದರೆ ನಾಲ್ಕು ಕಾಸು ಉಳಿಯುತ್ತದೆ?

ತುಂಬಾ ಜನ ಮೊದಲು ಹೇಳುವುದು ಟೊಮೆಟೊ. ನಾನು ಬೇಡ ಅನ್ನುತ್ತೇನೆ. ನಾಟಿ ಮಾಡಿ ಎರಡು ತಿಂಗಳಾದರೂ ಕಾಯಬೇಕು. ಕೋಲು, ದಾರ, ಔಷಧಿ ಅಂತ ಖರ್ಚು ಬೇರೆ. ಅಷ್ಟೆಲ್ಲ ಮಾಡಿ ಸಂತೆಗೆ ಹೋದರೆ, ಪಕ್ಕದಲ್ಲೇ ಕೋಲಾರದ ಮಂಡಿಯಿಂದ ಬಂದ ಕ್ರೇಟುಗಳು ಕೂತಿರುತ್ತವೆ. ಲಾರಿ ಮಾಲಿನ ಜೊತೆ ನಾವು ಬೆಲೆಯಲ್ಲಿ ಗುದ್ದಾಡಲು ಆಗುತ್ತದೆಯೇ? ಈರುಳ್ಳಿ, ಆಲೂಗಡ್ಡೆ, ಎಲೆಕೋಸಿನದೂ ಇದೇ ಕಥೆ.

ದೂರದಿಂದ ಬಂದರೆ ಬಾಡಿಹೋಗುವಂಥದ್ದನ್ನು ಹಿಡಿಯಿರಿ. ಅಂದರೆ ಸೊಪ್ಪು. ಮೆಂತ್ಯ ಒಂದು ತಿಂಗಳೊಳಗೇ ಕೀಳಲು ಬರುತ್ತದೆ. ಕೊತ್ತಂಬರಿ, ಮೂಲಂಗಿ ಸುಮಾರು 40 ದಿನ. ಟೊಮೆಟೊ ಗಿಡ ನಿಂತ ಜಾಗದಲ್ಲಿ ಅಷ್ಟೇ ಕಾಲದಲ್ಲಿ ಮೂರು ಸಲ ಮೆಂತ್ಯ ಕೀಳಬಹುದು. ಕೆಜಿ ಲೆಕ್ಕ ಆಮೇಲೆ. ಒಂದು ಮಡಿ (ಬಿತ್ತುವ ಪಾತಿ) ಎಷ್ಟು ದಿನಕ್ಕೆ ಎಷ್ಟು ದುಡ್ಡು ಕೊಟ್ಟಿತು ಅಂತ ಮೊದಲು ನೋಡಿ.

ಆದರೆ ಎಲ್ಲಾ ಮಡಿಗೂ ಒಂದೇ ದಿನ ಬೀಜ ಚೆಲ್ಲಿಬಿಟ್ಟರೆ ಕೆಟ್ಟಿರಿ. ಒಂದು ವಾರ ರಾಶಿ ಸೊಪ್ಪು, ಮುಂದಿನ ವಾರ ಬರಿಗೈ. ಗಿರಾಕಿ ಬೇರೆ ಕಡೆ ಹೋಗುತ್ತಾರೆ, ಅಲ್ವಾ? ವಾರಕ್ಕೊಂದು ಮಡಿ ಬಿತ್ತಿ. ಕೊತ್ತಂಬರಿ ಬೀಜವನ್ನು ಇಡಿಯಾಗಿ ಹಾಕಬೇಡಿ. ನೆಲದ ಮೇಲೆ ಹರಡಿ ಚಪ್ಪಲಿಯಲ್ಲಿ ಮೆಲ್ಲಗೆ ತಿಕ್ಕಿ, ಎರಡು ಹೋಳಾಗುತ್ತದೆ. ರಾತ್ರಿ ನೆನೆಸಿ ಬಿತ್ತಿ. ಬೇಸಿಗೆಯಲ್ಲಿ ಅದು ಬೇಗ ಹೂವಿಗೆ ಬರುತ್ತದೆ, ಸೊಪ್ಪು ಕಮ್ಮಿ. ಅದಕ್ಕೇ ಆಗ ಬೆಲೆ ಜಾಸ್ತಿ. ನೆರಳು ಪರದೆ ಕಟ್ಟಿ ಒಂದೆರಡು ಮಡಿ ಉಳಿಸಿಕೊಂಡರೆ ಲಾಭ.

ಸಂತೆಯ ಹಿಂದಿನ ಸಂಜೆ ಕಿತ್ತು, ಬೇರಿನ ಮಣ್ಣು ತೊಳೆದು, ಒದ್ದೆ ಗೋಣಿಚೀಲದಲ್ಲಿ ಸುತ್ತಿಡಿ. ಎತ್ತರಕ್ಕೆ ಪೇರಿಸಬೇಡಿ. ಒಳಗಿನ ಕಟ್ಟುಗಳು ಬಿಸಿಯಾಗಿ ಹಳದಿಯಾಗುತ್ತವೆ.

ಚಳಿಗಾಲದಲ್ಲಿ ಅವರೆಯನ್ನು ಬಿಡಬೇಡಿ. ಸೊಗಡಿನ ಅವರೆಗೆ ಜನ ಚೌಕಾಸಿ ಮಾಡಿದರೂ ಕೊನೆಗೆ ಕೊಂಡೇ ಹೋಗುತ್ತಾರೆ. ಮನೆಯಲ್ಲಿ ಕೈಗಳಿದ್ದರೆ ಹಿತಕಿದ ಬೇಳೆ ಮಾಡಿ ಮಾರಿ. ಬಿಡುವಿಲ್ಲದವರು ಆ ಕೆಲಸಕ್ಕೆಂದೇ ದುಡ್ಡು ಕೊಡುತ್ತಾರೆ.

ಊರಿನ ತಳಿ ಇದ್ದರೆ ಅದನ್ನೂ ಬೆಳೆಯಿರಿ. ಉಡುಪಿ ಕಡೆ ಮಟ್ಟುಗುಳ್ಳ ಅಂತ ಹೆಸರು ಹಿಡಿದೇ ಕೇಳುತ್ತಾರೆ. 2011ರಲ್ಲಿ ಆ ಬದನೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ.

ಬೀಜ ಕೊಳ್ಳುವ ಮುಂಚೆ ಒಂದು ಸಲ ಸಂತೆ ಮುಗಿಯುವ ಹೊತ್ತಿಗೆ ಸುಮ್ನೆ ಸುತ್ತಿ ಬನ್ನಿ. ಯಾವ ಬುಟ್ಟಿ ಬೇಗ ಖಾಲಿಯಾಯಿತು, ಯಾವುದನ್ನು ಅರ್ಧ ಬೆಲೆಗೆ ಕೂಗುತ್ತಿದ್ದಾರೆ, ಏನು ಕೇಳಿ ಜನ ಇಲ್ಲ ಅನ್ನಿಸಿಕೊಂಡು ಹೋಗುತ್ತಿದ್ದಾರೆ, ಬರೆದಿಟ್ಟುಕೊಳ್ಳಿ. ಮೊದಲ ಮಡಿಗೆ ಯಾವ ಬೀಜ ಹಾಕಬೇಕು ಅನ್ನುವುದು ಆ ಚೀಟಿಯಲ್ಲೇ ಸಿಗುತ್ತದೆ. ನಮಸ್ಕಾರ.